ಮುರಕಲ್ಲಿನ ಗೋಡೆ, ಟೈಲ್ಸ್ ನೆಲ, ಐದು ಸ್ಪೀಕರ್: ಡೆನಾನ್ ಎಕ್ಸ್3800ಎಚ್‌ನ ಆಡಿಸಿ ಮತ್ತು ಡಿರಾಕ್, ಸಂಗೀತದ ಕಿವಿಯಿಂದ

ಡೆನಾನ್ ಎವಿಆರ್-ಎಕ್ಸ್3800ಎಚ್ ರಿಸೀವರನ್ನು ಸಿನಿಮಾಕ್ಕೆಂದು ಕೊಳ್ಳುವವರೇ ಹೆಚ್ಚು. ಇಲ್ಲಿ ಅದನ್ನು ಸಂಗೀತದ ಯಂತ್ರವಾಗಿ ನೋಡಿದ್ದೇವೆ. 5.1 ಎಸ್‌ಎಸಿಡಿ (ಐದು ಸ್ಪೀಕರ್ ಮತ್ತು ತಗ್ಗಿನ ಸ್ವರಗಳ ಒಂದು ಸಬ್‌ವೂಫರ್‌ಗೆಂದು ಮುದ್ರಿಸಿದ ಡಿಸ್ಕ್), ಬ್ಲೂ-ರೇ ಆಡಿಯೊ ಡಿಸ್ಕ್, ಆಪಲ್ ಮ್ಯೂಸಿಕ್‌ನ ಡಾಲ್ಬಿ ಅಟ್ಮಾಸ್ ಹಾಡುಗಳು, ಇವುಗಳನ್ನು ಮನೆಯ ಹಾಲ್‌ನಲ್ಲಿ ಕೂತು ಕೇಳುವವರಿಗೆ ಈ ಬರಹ. ಒಳಗೆ 9 ಚಾನೆಲ್ ಆಂಪ್ಲಿಫೈಯರ್, 11.4 ಚಾನೆಲ್ ಪ್ರೊಸೆಸಿಂಗ್, ನಾಲ್ಕು ಸ್ವತಂತ್ರ ಸಬ್‌ವೂಫರ್ ಔಟ್‌ಪುಟ್ ಇವೆ. ಅದೆಲ್ಲ ಡಬ್ಬದ ಮೇಲೆಯೇ ಬರೆದಿದೆ. ನಮ್ಮ ಪ್ರಶ್ನೆ ಬೇರೆ. ಜೊತೆಗೆ ಪುಕ್ಕಟೆ ಬರುವ ಆಡಿಸಿ ಮಲ್ಟ್‌ಇಕ್ಯೂ ಎಕ್ಸ್‌ಟಿ32, ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಾದ ಡಿರಾಕ್ ಲೈವ್, ಕೋಣೆ ಧ್ವನಿಗೆ ತರುವ ಏರುಪೇರನ್ನು ಮೈಕಿನಲ್ಲಿ ಅಳೆದು ತಿದ್ದುವ ಈ ಎರಡು ರೂಮ್ ಕರೆಕ್ಷನ್‌ಗಳು ಮಂಗಳೂರು-ಉಡುಪಿಯ ಮನೆಗಳಲ್ಲಿ ಎಷ್ಟು ಕೆಲಸಕ್ಕೆ ಬರುತ್ತವೆ?

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಸುಮಾರು 300 ಹರ್ಟ್ಸ್‌ನ ಕೆಳಗೆ ಎರಡೂ ಮಾಡುವ ಕೆಲಸ ದೊಡ್ಡದು. ಅದರ ಮೇಲೆ, ಒಳ್ಳೆಯ ಸ್ಪೀಕರ್ ಇದ್ದರೆ, ಎರಡೂ ಸರಿಪಡಿಸುವುದಕ್ಕಿಂತ ಕೆಡಿಸುವುದೇ ಹೆಚ್ಚು. ಒಂದೇ ಸಬ್‌ವೂಫರ್ ಇದ್ದವರಿಗೆ ಆಡಿಸಿ ಮತ್ತು ಅದರ ಮೊಬೈಲ್ ಆ್ಯಪ್ ಧಾರಾಳವಾಗಿ ಸಾಕು. ಎರಡು ಅಥವಾ ಹೆಚ್ಚು ಸಬ್ ಇದ್ದರೆ ಮಾತ್ರ ಡಿರಾಕ್ ಬಗ್ಗೆ ಯೋಚಿಸಿ.

ಈ 300 ಹರ್ಟ್ಸ್ ಲೆಕ್ಕ ಎಲ್ಲಿಂದ ಬಂತು ಅಂದರೆ, ಕೋಣೆಯಿಂದ. ನಮ್ಮ ಕಡೆಯ ಸಾಮಾನ್ಯ ಹಾಲ್ ಒಂದನ್ನು ತೆಗೆದುಕೊಳ್ಳಿ: 14 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಮುರಕಲ್ಲಿನ ಗೋಡೆಗೆ ಸಿಮೆಂಟ್ ಗಾರೆ, ಮೇಲೆ ಆರ್‌ಸಿಸಿ ಸ್ಲ್ಯಾಬ್, ಕೆಳಗೆ ವಿಟ್ರಿಫೈಡ್ ಟೈಲ್ಸ್, ಒಂದು ಕಡೆ ದೊಡ್ಡ ಗಾಜಿನ ಕಿಟಕಿ. ಘನ ಅಳತೆ ಸುಮಾರು 48 ಘನ ಮೀಟರ್. ಸೋಫಾ ಬಿಟ್ಟರೆ ಧ್ವನಿ ಹೀರುವ ವಸ್ತುವೇ ಇಲ್ಲ. ಎಲ್ಲ ಮೇಲ್ಮೈಗಳ ಸರಾಸರಿ ಹೀರಿಕೆಯನ್ನು 0.08 ಎಂದು ಹಿಡಿದರೆ ಸಬೀನ್ ಸೂತ್ರದ ಪ್ರಕಾರ ಪ್ರತಿಧ್ವನಿ ಇಳಿಯಲು 1.2 ಸೆಕೆಂಡು ಬೇಕು. ಸಂಗೀತ ಕೇಳುವ ಮನೆಕೋಣೆಗೆ 0.3ರಿಂದ 0.5 ಸೆಕೆಂಡು ಇದ್ದರೆ ಚೆಂದ. ಕೋಣೆಯ ಒಂದೊಂದೇ ಅನುರಣನ (ಗೋಡೆಗಳ ನಡುವೆ ಅಲೆ ನಿಂತು ಒಂದು ಸ್ವರ ಉಬ್ಬುವುದು) ಬೇರೆಬೇರೆಯಾಗಿ ಕಾಣಿಸುವುದು ಶ್ರೋಡರ್ ಆವರ್ತನದ ಕೆಳಗೆ. ಈ ಹಾಲ್‌ಗೆ ಅದು 317 ಹರ್ಟ್ಸ್ ಆಗುತ್ತದೆ. ಪರದೆ, ಜಮಖಾನ, ಪುಸ್ತಕದ ಕಪಾಟು ಬಂದು ಪ್ರತಿಧ್ವನಿ ಅರ್ಧ ಸೆಕೆಂಡಿಗೆ ಇಳಿದರೆ 200ರ ಹತ್ತಿರಕ್ಕೆ ಬರುತ್ತದೆ. ಇದರ ಕೆಳಗೆ ಮೈಕಿಗೆ ಸಿಗುವುದು ಮುಖ್ಯವಾಗಿ ಕೋಣೆಯ ಗುಣ. ಮೇಲೆ ಹೋದಂತೆ ಸ್ಪೀಕರ್‌ನಿಂದ ನೇರ ಬಂದ ಧ್ವನಿ, ಗೋಡೆಗೆ ಬಡಿದು ಬಂದ ಧ್ವನಿ ಎರಡೂ ಕಲಸಿರುತ್ತವೆ. ಕಿವಿ ಇವನ್ನು ಬೇರ್ಪಡಿಸಿ ಕೇಳುತ್ತದೆ, ಸ್ವೀಪ್ (ತಗ್ಗಿನಿಂದ ಮೇಲಕ್ಕೆ ಏರುವ ಪರೀಕ್ಷೆಯ ಸ್ವರ) ಅಳೆಯುವ ಮೈಕಿಗೆ ಆ ವಿವೇಕ ಇಲ್ಲ.

ಅದೇ ಹಾಲ್‌ನ ಮೊದಲ ಮೂರು ಅನುರಣನಗಳು: ಉದ್ದದ್ದು 41 ಹರ್ಟ್ಸ್, ಅಗಲದ್ದು 47, ಎತ್ತರದ್ದು 57. ಲೆಕ್ಕ ಸುಲಭ. ಧ್ವನಿಯ ವೇಗ 346 ಮೀಟರನ್ನು ಅಳತೆಯ ಎರಡರಷ್ಟರಿಂದ ಭಾಗಿಸಿದರೆ ಆಯಿತು. ಬಾಸ್ ಗಿಟಾರಿನ ಅತ್ಯಂತ ತಗ್ಗಿನ ತಂತಿ 41.2 ಹರ್ಟ್ಸ್. ಅಂದರೆ 14 ಅಡಿ ಹಾಲ್‌ನಲ್ಲಿ ಆ ಒಂದು ಸ್ವರ ಬಂದಾಗಲೆಲ್ಲ ಮನೆ ಗುಂಯ್‌ಗುಟ್ಟುತ್ತದೆ, ಪಕ್ಕದ ಸ್ವರ ಇದ್ದೂ ಇಲ್ಲದಂತೆ ಹೋಗುತ್ತದೆ. 12ಕ್ಕೆ 12ರ ಚೌಕ ಕೋಣೆ ಇನ್ನೂ ಕಷ್ಟ, ಎರಡು ಅನುರಣನಗಳು 47ರ ಮೇಲೆಯೇ ಒಟ್ಟಾಗಿ ಕೂತಿರುತ್ತವೆ. ಹಂಚಿನ ಮನೆಯ ಚಾವಡಿಯಲ್ಲಿ ಈ ತೊಂದರೆ ಕಡಿಮೆ. ಮರದ ಮುಚ್ಚಿಗೆಯ ಮೂಲಕ, ಹಂಚಿನ ಸಂದುಗಳ ಮೂಲಕ ಬಾಸ್ ಸೋರಿ ಹೋಗುತ್ತದೆ. ಹಳೆಯ ಮನೆಯಲ್ಲಿ ಚೆನ್ನಾಗಿ ಕೇಳುತ್ತಿದ್ದ ಅದೇ ಸಬ್‌ವೂಫರ್ ಫ್ಲ್ಯಾಟ್‌ಗೆ ಬಂದ ಮೇಲೆ ಗುಡುಗತೊಡಗಿದರೆ ದೋಷ ಸಬ್‌ನದಲ್ಲ.

ಮೈಕ್ ಹಚ್ಚುವ ಮೊದಲು

ರೂಮ್ ಕರೆಕ್ಷನ್ ಏರನ್ನು ಕಡಿಯಬಲ್ಲದು, ಹಳ್ಳವನ್ನು ತುಂಬಲಾರದು. ನೇರ ಅಲೆ ಮತ್ತು ಗೋಡೆಯಿಂದ ಮರಳಿದ ಅಲೆ ಒಂದನ್ನೊಂದು ಅಳಿಸಿದ ಕಡೆ ಎಷ್ಟು ಶಕ್ತಿ ಸುರಿದರೂ ಎರಡೂ ಸಮನಾಗಿ ಹೆಚ್ಚುತ್ತವೆ, ಹಳ್ಳ ಹಳ್ಳವಾಗಿಯೇ ಉಳಿಯುತ್ತದೆ. ಖರ್ಚು ಮಾತ್ರ ನಿಜ: 3 ಡಿಬಿ ಏರಿಸಿದರೆ ಆಂಪ್ಲಿಫೈಯರ್ ಎರಡು ಪಟ್ಟು ಶಕ್ತಿ ಕೊಡಬೇಕು, 6ಕ್ಕೆ ನಾಲ್ಕು ಪಟ್ಟು, 9ಕ್ಕೆ ಎಂಟು ಪಟ್ಟು. 9 ಡಿಬಿವರೆಗೆ ಏರಿಸಲು ಆಡಿಸಿ ಹಿಂಜರಿಯುವುದಿಲ್ಲ. ಆದ್ದರಿಂದ ಹಳ್ಳವನ್ನು ಜಾಗ ಬದಲಿಸಿಯೇ ಸರಿಪಡಿಸಬೇಕು.

ನಮ್ಮ ಕಡೆ ಮೊದಲು ಸರಿಸಬೇಕಾದ್ದು ಸೋಫಾ. ಬಹುತೇಕ ಹಾಲ್‌ಗಳಲ್ಲಿ ಅದು ಹಿಂದಿನ ಗೋಡೆಗೆ ಅಂಟಿಕೊಂಡಿರುತ್ತದೆ, ಅಲ್ಲಿ ಉದ್ದದ ದಿಕ್ಕಿನ ಎಲ್ಲ ಅನುರಣನಗಳೂ ಗರಿಷ್ಠ. ಕೋಣೆಯ ನಟ್ಟನಡುವೆ ಕೂತರೆ ಮೊದಲ ಅನುರಣನ ಪೂರ್ತಿ ಮಾಯ. 14 ಅಡಿಯಲ್ಲಿ ಹಿಂಗೋಡೆಯಿಂದ 5 ಅಡಿಯ ಆಸುಪಾಸು ಒಳ್ಳೆಯದು. ಅಷ್ಟು ಆಗದಿದ್ದರೆ 2 ಅಡಿಯಾದರೂ ಮುಂದೆ ತನ್ನಿ. ಮುಂದಿನ ಸ್ಪೀಕರ್‌ಗಳಿಗೆ ಅವುಗಳ ಬೆನ್ನಿಗಿರುವ ಗೋಡೆಯ ಲೆಕ್ಕ ಬೇರೆ: ಸ್ಪೀಕರ್‌ನ ಮುಖದಿಂದ ಗೋಡೆಗೆ 60 ಸೆಂಟಿಮೀಟರ್ ಇದ್ದರೆ 144 ಹರ್ಟ್ಸ್‌ನಲ್ಲಿ, 90 ಇದ್ದರೆ 96ರಲ್ಲಿ ಹಳ್ಳ ಬೀಳುತ್ತದೆ. 96 ಬಂದರೆ ವಾಸಿ, ಏಕೆಂದರೆ ಕ್ರಾಸೋವರ್ (ಸ್ಪೀಕರ್ ಮತ್ತು ಸಬ್ ಕೆಲಸ ಹಂಚಿಕೊಳ್ಳುವ ಆವರ್ತನ) ಸ್ವಲ್ಪ ಮೇಲೇರಿಸಿ ಆ ಭಾಗವನ್ನು ಸಬ್‌ಗೆ ವಹಿಸಬಹುದು. ಸೆಂಟರ್ ಸ್ಪೀಕರನ್ನು ಟಿವಿ ಯುನಿಟ್‌ನ ಗೂಡಿನೊಳಗೆ ತುರುಕುವುದು ಇಲ್ಲಿನ ಬಡಗಿಗಳ ನೆಚ್ಚಿನ ವಿನ್ಯಾಸ. ಗೂಡು ಒಂದು ಪೆಟ್ಟಿಗೆಯಾಗಿ ಕೆಲಸ ಮಾಡಿ ಹಾಡುಗಾರರ ದನಿಗೆ ನೆಗಡಿ ಹಿಡಿಸುತ್ತದೆ. ಸ್ಪೀಕರ್‌ನ ಮುಖ ಹಲಗೆಯ ಅಂಚಿಗೆ ಸಮವಾಗಿ ಅಥವಾ ಒಂದು ಬೆರಳು ಹೊರಗೆ ಇರಲಿ, ಸುತ್ತ ಬಟ್ಟೆ ಅಥವಾ ಫೋಮ್ ತುಂಬಿ.

ಸಬ್‌ವೂಫರ್‌ಗೆ ಜಾಗ ಹುಡುಕುವ ಹಳೆಯ ಉಪಾಯ ಈಗಲೂ ಸೋತಿಲ್ಲ. ಸಬ್ಬನ್ನು ನೀವು ಕೂರುವ ಜಾಗದಲ್ಲಿಟ್ಟು, ಬಾಸ್ ನಡೆ ಇರುವ ಹಾಡು ಹಾಕಿ, ಗೋಡೆಯುದ್ದಕ್ಕೂ ಮಂಡಿಯೂರಿ ಕೇಳುತ್ತ ಹೋಗಿ. ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಸಮವಾಗಿ ಕೇಳುವ ಕಡೆ ಸಬ್ ಇಡಿ. ಎರಡಿದ್ದರೆ ಎದುರುಬದುರು ಗೋಡೆಗಳ ನಡುಮಧ್ಯೆ ಇಟ್ಟು ನೋಡಿ, ಆ ದಿಕ್ಕಿನ ಮೊದಲ ಅನುರಣನ ಬಹುಪಾಲು ಅಲ್ಲೇ ಅಡಗುತ್ತದೆ.

ನಂತರ ಕಟಕಟ ಸದ್ದು. 20ರಿಂದ 120 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಸೈನ್ ಸ್ವರ ಹಾಕಿ ಮನೆ ಸುತ್ತಿ. ಷೋಕೇಸಿನ ಗಾಜು, ಜಿಪ್ಸಂ ಸೀಲಿಂಗ್, ಕಿಟಕಿಯ ಗ್ರಿಲ್, ಗೋಡೆಯ ಫೋಟೋ ಫ್ರೇಮ್, ಹಂಚಿನ ಮನೆಯಾದರೆ ಸಡಿಲ ಹಂಚು, ಎಲ್ಲವೂ ಒಂದೊಂದು ಸ್ವರಕ್ಕೆ ಅದುರುತ್ತವೆ. ಇದನ್ನು ಯಾವ ಸಾಫ್ಟ್‌ವೇರೂ ತಿದ್ದುವುದಿಲ್ಲ, ಅದುರುವ ಸದ್ದು ಅಳತೆಯೊಳಗೆ ನುಸುಳಿ ತಿದ್ದುಪಡಿಯನ್ನೂ ಕೆಡಿಸುತ್ತದೆ.

ಆಡಿಸಿ

ಸಬ್‌ನ ಗೇನ್ (ದನಿಯ ಮಟ್ಟ) ಗುಂಡಿಯಿಂದ ಶುರು ಮಾಡಿ. ಸಬ್‌ನ ಒಳಗಿನ ಕ್ರಾಸೋವರ್ ಗುಂಡಿಯನ್ನು ಗರಿಷ್ಠಕ್ಕೆ ಅಥವಾ ಎಲ್‌ಎಫ್‌ಇಗೆ (5.1ರ ಪ್ರತ್ಯೇಕ ಬಾಸ್ ಚಾನೆಲ್‌ನ ಹೆಸರು) ತಿರುಗಿಸಿ, ಆಟೋ-ಆನ್ ಬದಲು ಆನ್ ಇರಲಿ. ಪರದೆಯ ಮೇಲೆ ಸಬ್ ಮಟ್ಟ 75 ಡಿಬಿ ಹತ್ತಿರ ಬರುವಂತೆ ಗೇನ್ ಹೊಂದಿಸಿ. ಎಲ್ಲ ಮುಗಿದ ಮೇಲೆ ರಿಸೀವರ್‌ನಲ್ಲಿ ಸಬ್‌ನ ಮಟ್ಟ -12 ಎಂದು ಕಾಣಿಸಿದರೆ ಅದು ನಿಜವಾದ ಅಳತೆಯಲ್ಲ, ತಳ ಮುಟ್ಟಿದೆ ಎಂಬ ಸೂಚನೆ. ಸಬ್‌ನ ಗೇನ್ ಇಳಿಸಿ ಮತ್ತೆ ಅಳೆಯಬೇಕು.

ಜೊತೆಗೆ ಬರುವ ರಟ್ಟಿನ ಸ್ಟ್ಯಾಂಡ್ ಸೋಫಾದ ಮೇಲೆ ಅಲುಗಾಡುತ್ತದೆ. ಉದ್ದ ತೋಳಿನ ಮೈಕ್ ಸ್ಟ್ಯಾಂಡ್ ಬಳಸಿ. ಭಜನೆ ಮಂಡಳಿಯಿಂದಲೋ ಚರ್ಚ್ ಕ್ವಾಯರ್‌ನಿಂದಲೋ ಒಂದು ದಿನಕ್ಕೆ ಎರವಲು ಸಿಗುವ ವಸ್ತು ಅದು. ಮೈಕ್ ಕಿವಿಯ ಎತ್ತರದಲ್ಲಿ, ತುದಿ ಛಾವಣಿಯ ಕಡೆಗೆ, ಸೋಫಾದ ಬೆನ್ನಿನಿಂದ ಒಂದು ಗೇಣಾದರೂ ದೂರ. ಮೊದಲ ಸ್ಥಾನ ನಿಮ್ಮ ತಲೆ ಇರುವಲ್ಲೇ ಇರಬೇಕು, ದೂರ ಮತ್ತು ಮಟ್ಟದ ಲೆಕ್ಕ ಅದರಿಂದಲೇ ಆಗುತ್ತದೆ. ಉಳಿದ ಏಳನ್ನು ಅದರ ಸುತ್ತ 30ರಿಂದ 60 ಸೆಂಟಿಮೀಟರ್ ಒಳಗೆ ಹರಡಿ: ಎಡಕ್ಕೆ, ಬಲಕ್ಕೆ, ಮುಂದಕ್ಕೆ, ಎರಡು ಸ್ವಲ್ಪ ಮೇಲೆ. ಸೋಫಾದ ಈ ತುದಿಯಿಂದ ಆ ತುದಿಗೆ ಎಳೆದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ, ಯಾರಿಗೂ ಪೂರ್ತಿ ಅಲ್ಲ ಎಂಬಂತಾಗುತ್ತದೆ. ಸಿನಿಮಾಕ್ಕೆ ಅದು ನಡೆಯಬಹುದು. ಒಬ್ಬರೇ ಕೂತು ಕೇಳುವ ಸಂಗೀತಕ್ಕೆ ಬೇಡ.

ಸೀಲಿಂಗ್ ಫ್ಯಾನ್, ಎಸಿ, ಫ್ರಿಜ್ ಬಂದ್. ಇನ್ವರ್ಟರ್ ಗುಂಯ್‌ಗುಟ್ಟುತ್ತಿದ್ದರೆ ಅದೂ ಬಂದ್, ಅದರ 50 ಮತ್ತು 100 ಹರ್ಟ್ಸ್ ನೇರವಾಗಿ ಬಾಸ್‌ನೊಳಗೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಯ್ಯುವಾಗ ಸದ್ದು ಹೆಚ್ಚೆಂಬ ಎಚ್ಚರಿಕೆ ಬಂದೇ ಬರುತ್ತದೆ, ಮಳೆ ಬಿಟ್ಟ ಹೊತ್ತಿಗೆ ಕಾಯಬೇಕು. ರಾತ್ರಿಯ ಜೀರುಂಡೆಗೆ ಹೆದರಬೇಕಿಲ್ಲ. ಅದರ ಚೀರಾಟ ಸಾವಿರಾರು ಹರ್ಟ್ಸ್‌ನಲ್ಲಿ, ನಮಗೆ ಬೇಕಾದ ಕೆಳಭಾಗವನ್ನು ಅದು ಮುಟ್ಟುವುದಿಲ್ಲ.

ರಿಮೋಟ್‌ನಿಂದ ಅಳೆಯಬೇಡಿ. ದುಡ್ಡು ಕೊಟ್ಟು ಕೊಳ್ಳುವ ಮಲ್ಟ್‌ಇಕ್ಯೂ ಎಡಿಟರ್ ಆ್ಯಪ್‌ನಿಂದಲೇ ಅಳೆಯಿರಿ, ಏಕೆಂದರೆ ರಿಮೋಟ್‌ನಿಂದ ಮಾಡಿದ ಅಳತೆಯನ್ನು ಆ್ಯಪ್‌ಗೆ ಆಮೇಲೆ ತರಲಾಗುವುದಿಲ್ಲ. ಫೋನು ಮತ್ತು ರಿಸೀವರ್ ಒಂದೇ ವೈಫೈಯಲ್ಲಿರಲಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ಆನ್ ಮಾಡಿ, ಸ್ಕ್ರೀನ್ ಆರದಂತೆ ನೋಡಿಕೊಳ್ಳಿ. ಆರನೇ ಸ್ಥಾನದಲ್ಲಿರುವಾಗ ಕರೆ ಬಂದು ಆ್ಯಪ್ ನಿಂತರೆ ಮತ್ತೆ ಮೊದಲಿಂದ. ಅಳೆದಾದ ಮೇಲೆ ಆ್ಯಪ್‌ನಲ್ಲಿ ಮೂರು ಬದಲಾವಣೆ. ಪ್ರತಿ ಚಾನೆಲ್‌ನ ಫಿಲ್ಟರ್ ವ್ಯಾಪ್ತಿಯನ್ನು 300 ಹರ್ಟ್ಸ್‌ಗೆ ನಿಲ್ಲಿಸಿ. ಮಿಡ್‌ರೇಂಜ್ ಕಾಂಪೆನ್ಸೇಷನ್ ಆಫ್ ಮಾಡಿ. 2,000 ಹರ್ಟ್ಸ್‌ನ ಸುತ್ತ ಆಡಿಸಿ ಬೇಕೆಂದೇ ತೋಡುವ ತಗ್ಗು ಅದು, ವಯಲಿನ್ ಮತ್ತು ಹಾಡುವ ದನಿ ಹಿಂದೆ ಸರಿದಂತೆ ಕೇಳಿಸುತ್ತದೆ. ವ್ಯಾಪ್ತಿಯನ್ನು 300ಕ್ಕೆ ನಿಲ್ಲಿಸಿದ ಮೇಲೆ ಇದು ಹೇಗೂ ಲೆಕ್ಕಕ್ಕಿಲ್ಲ, ಆದರೆ ಮುಂದೆ ವ್ಯಾಪ್ತಿ ಬದಲಿಸಿದಾಗ ನೆನಪಾಗದು. ಮೂರನೆಯದು ಗುರಿರೇಖೆ, ಅಂದರೆ ತಿದ್ದಿದ ಮೇಲೆ ಧ್ವನಿ ಯಾವ ಆಕಾರಕ್ಕೆ ಬರಬೇಕೆಂಬ ರೇಖೆ. ಸಪಾಟು ಗುರಿಯಲ್ಲಿ ಸಂಗೀತ ಸೊರಗುತ್ತದೆ. 120 ಹರ್ಟ್ಸ್‌ನಿಂದ ಕೆಳಗೆ ನಿಧಾನವಾಗಿ ಏರಿಸುತ್ತ 30ರ ಹೊತ್ತಿಗೆ 3ರಿಂದ 5 ಡಿಬಿ ಇರಲಿ, ಐದೂ ಚಾನೆಲ್‌ಗೆ ಮತ್ತು ಸಬ್‌ಗೆ ಒಂದೇ ರೇಖೆ.

ರಿಸೀವರ್‌ಗೆ ಕಳಿಸಿದ ಮೇಲೆ ಮೆನುವಿನಲ್ಲಿ ನೋಡಬೇಕಾದ್ದು ಇಷ್ಟು. ದೊಡ್ಡ ಟವರ್ ಸ್ಪೀಕರ್ ಇದ್ದರೆ ಆಡಿಸಿ ಅವನ್ನು ಲಾರ್ಜ್ (ಬಾಸನ್ನೂ ತಾನೇ ನುಡಿಸುವ ಸ್ಪೀಕರ್) ಎಂದು ಗುರುತಿಸುತ್ತದೆ, ಅದನ್ನು ಸ್ಮಾಲ್ ಮಾಡಿ ಕ್ರಾಸೋವರ್ 80 ಹರ್ಟ್ಸ್‌ಗೆ ತನ್ನಿ. ಅದು 100 ಅಥವಾ 120 ಎಂದು ಕೊಟ್ಟಿದ್ದರೆ ಇಳಿಸಬೇಡಿ, ಆ ಸ್ಪೀಕರ್ ಆ ಜಾಗದಲ್ಲಿ ಅದಕ್ಕಿಂತ ಕೆಳಗೆ ಇಳಿಯುತ್ತಿಲ್ಲ ಎಂದರ್ಥ. ಎಲ್‌ಎಫ್‌ಇಯ ಲೋ-ಪಾಸ್ 120ರಲ್ಲೇ ಇರಲಿ. ಸಬ್‌ನ ದೂರ ಟೇಪಿನ ಅಳತೆಗಿಂತ ಮೀಟರ್‌ಗಟ್ಟಲೆ ಹೆಚ್ಚು ತೋರಿಸಿದರೆ ಅದನ್ನು ತಪ್ಪೆಂದು ತಿದ್ದಲು ಹೋಗಬೇಡಿ. ಸಬ್‌ನ ಒಳಗಿನ ಎಲೆಕ್ಟ್ರಾನಿಕ್ಸ್ ತಡಮಾಡುವ ಸಮಯವನ್ನೂ ಅದು ದೂರವಾಗಿ ಎಣಿಸಿದೆ. ಸ್ಪೀಕರ್ ಫೇಸ್ (ಅಲೆಯ ಏರಿಳಿತದ ಹೊಂದಿಕೆ) ತಪ್ಪಿದೆ ಎಂದರೆ ಒಮ್ಮೆ ವೈರಿನ ಪ್ಲಸ್-ಮೈನಸ್ ನೋಡಿ, ಸರಿಯಿದ್ದರೆ ಇಗ್ನೋರ್ ಒತ್ತಿ ಮುಂದುವರಿಯಿರಿ. ಪಕ್ಕದ ಗೋಡೆಯ ಪ್ರತಿಫಲನಕ್ಕೂ ಅದು ಮೋಸಹೋಗುತ್ತದೆ.

ಈ ರಿಸೀವರ್‌ನ ಎರಡು ಸ್ಪೀಕರ್ ಪ್ರಿಸೆಟ್‌ಗಳನ್ನು (ಹೊಂದಿಕೆ ಉಳಿಸಿಡುವ ಜಾಗ) ಕಂಪನಿ ಯಾವ ಉದ್ದೇಶಕ್ಕೆ ಕೊಟ್ಟಿದ್ದರೂ ಕರಾವಳಿಯಲ್ಲಿ ಅದಕ್ಕೆ ಬೇರೆಯೇ ಉಪಯೋಗ ಇದೆ. ಸೆಕೆಗೆ ಬಾಗಿಲು-ಕಿಟಕಿ ಎಲ್ಲ ತೆರೆದಾಗ ಹಾಲ್‌ನ ಬಾಸ್ ಸಿಟೌಟಿಗೆ ಹರಿದುಹೋಗುತ್ತದೆ, ಎಲ್ಲ ಮುಚ್ಚಿ ಎಸಿ ಹಾಕಿದಾಗ ಅಲ್ಲೇ ತಿರುಗುತ್ತದೆ. ಎರಡೂ ಸ್ಥಿತಿಯಲ್ಲಿ ಬೇರೆಬೇರೆ ಅಳೆದು ಒಂದೊಂದು ಪ್ರಿಸೆಟ್‌ಗೆ ಕೊಡಿ. ಎಸಿಯ ತಂಪಿನಿಂದ ಧ್ವನಿಯ ವೇಗ ಬದಲಾಗುವುದರ ಬಗ್ಗೆ ಮಾತ್ರ ತಲೆಕೆಡಿಸಿಕೊಳ್ಳಬೇಡಿ. 32 ಡಿಗ್ರಿಯಿಂದ 22ಕ್ಕೆ ಇಳಿದರೂ 41 ಹರ್ಟ್ಸ್‌ನ ಏರು ಒಂದು ಹರ್ಟ್ಸ್ ಕೂಡ ಸರಿಯುವುದಿಲ್ಲ.

ಅಳೆದದ್ದನ್ನು ಮತ್ತೆ ಅಳೆಯುವುದು

ಆಡಿಸಿ ತೋರಿಸುವ ತಿದ್ದಿದ ನಂತರದ ಚಿತ್ರ ಅದರದೇ ಲೆಕ್ಕಾಚಾರ, ಅಳತೆಯಲ್ಲ. ನಿಜ ತಿಳಿಯಲು ಮಿನಿಡಿಎಸ್‌ಪಿ ಕಂಪನಿಯ ಯುಮಿಕ್-1 ಯುಎಸ್‌ಬಿ ಮೈಕ್ ಮತ್ತು ಉಚಿತ ರೂಮ್ ಇಕ್ಯೂ ವಿಝರ್ಡ್ ತಂತ್ರಾಂಶ ಬೇಕು. ರಿಸೀವರ್‌ನ ಬೆಲೆಯ ಸಣ್ಣ ಭಾಗಕ್ಕೆ ಸಿಗುವ ಈ ಮೈಕ್ ಈ ಬರಹದಲ್ಲಿ ನಾವು ಕಣ್ಣು ಮುಚ್ಚಿ ಶಿಫಾರಸು ಮಾಡುವ ಏಕೈಕ ವಸ್ತು. ಮೈಕಿನ ಸೀರಿಯಲ್ ನಂಬರ್ ಕೊಟ್ಟರೆ ಅದರದೇ ಕ್ಯಾಲಿಬ್ರೇಷನ್ ಫೈಲ್ ಇಳಿಸಿಕೊಳ್ಳಬಹುದು. ಫೈಲ್ ಎರಡಿರುತ್ತವೆ. ಸರೌಂಡ್‌ಗೆ ಮೈಕ್ ಛಾವಣಿ ನೋಡುವಂತೆ ನಿಲ್ಲಿಸಿ 90 ಡಿಗ್ರಿಯ ಫೈಲ್ ಹಾಕಬೇಕು. 0 ಡಿಗ್ರಿಯದ್ದನ್ನು ಹಾಕಿದರೆ ಮೇಲಿನ ಸ್ವರಗಳ ಚಿತ್ರ ತಪ್ಪುತ್ತದೆ.

ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಮೂಲಕ ರಿಸೀವರ್‌ಗೆ 48 ಕಿಲೋಹರ್ಟ್ಸ್‌ನಲ್ಲಿ ಕಳಿಸಿ. ಸೆಂಟರ್ ಸಾಮಾನ್ಯವಾಗಿ 3ನೇ ಚಾನೆಲ್, ಸಬ್ 4ನೆಯದು. ಸರೌಂಡ್ ಚಾನೆಲ್‌ಗಳ ಅಂಕಿ ಅದಲುಬದಲಾಗುವುದುಂಟು, ಕಡಿಮೆ ದನಿಯಲ್ಲಿ ಹಾಕಿ ಕಿವಿಯಿಂದಲೇ ಖಚಿತಪಡಿಸಿಕೊಳ್ಳಿ. 256ಕೆ ಸ್ವೀಪ್ ಐದೂವರೆ ಸೆಕೆಂಡು, 512ಕೆ ಸುಮಾರು 11 ಸೆಕೆಂಡು. ಉದ್ದ ಎರಡು ಪಟ್ಟಾದರೆ ಹೊರಗಿನ ಸದ್ದಿನ ಎದುರು 3 ಡಿಬಿ ಲಾಭ, ಹಾಗಾಗಿ ಮಳೆಗಾಲಕ್ಕೆ ಉದ್ದದ್ದೇ ಸರಿ.

ಮುಖ್ಯವಾಗಿ ನೋಡಬೇಕಾದ್ದು ಎಡ ಸ್ಪೀಕರ್ ಮತ್ತು ಸಬ್ ಒಟ್ಟಿಗೆ ಆಡುವಾಗ 60ರಿಂದ 100 ಹರ್ಟ್ಸ್ ನಡುವೆ ಏನಾಗುತ್ತದೆ ಎಂಬುದು. ಆಡಿಸಿಯ ದೊಡ್ಡ ದೌರ್ಬಲ್ಯ ಇಲ್ಲೇ: ಎರಡನ್ನೂ ಬಿಡಿಬಿಡಿಯಾಗಿ ಚೆನ್ನಾಗಿ ತಿದ್ದುತ್ತದೆ, ಕೂಡುವ ಜಾಗವನ್ನು ನೋಡುವುದಿಲ್ಲ. 80ರ ಹತ್ತಿರ ತಗ್ಗು ಕಂಡರೆ ಸಬ್‌ನ ದೂರವನ್ನು 30 ಸೆಂಟಿಮೀಟರ್ ಹೆಜ್ಜೆಯಲ್ಲಿ ಬದಲಿಸುತ್ತ ಪ್ರತಿ ಸಲ ಅಳೆಯಿರಿ. 80 ಹರ್ಟ್ಸ್‌ನಲ್ಲಿ ಆ ಒಂದು ಹೆಜ್ಜೆ ಸುಮಾರು 25 ಡಿಗ್ರಿ ಫೇಸ್. ತಗ್ಗು ತುಂಬಿ ರೇಖೆ ಅತ್ಯಂತ ಮೇಲೆ ಬಂದಲ್ಲಿ ನಿಲ್ಲಿಸಿ. ನಂತರ ಬಲ ಸ್ಪೀಕರ್ ಮತ್ತು ಸೆಂಟರ್‌ನಲ್ಲೂ ಪರೀಕ್ಷಿಸಿ, ಮೂರಕ್ಕೂ ಒಪ್ಪುವ ಅಂಕಿ ಆರಿಸಿ. ಮೃದಂಗದ ಎಡಮುಖದ ಗುಮುಕಿ ತುಂಬಿ ಕೇಳಲು ಇಷ್ಟು ಕೆಲಸ ಗುರಿರೇಖೆಯ ಎಲ್ಲ ಕಸರತ್ತಿಗಿಂತ ಹೆಚ್ಚು ಉಪಕಾರ ಮಾಡುತ್ತದೆ.

ಸ್ವರಗಳು ಸಮಯ ಕಳೆದಂತೆ ಹೇಗೆ ಅಡಗುತ್ತವೆ ಎಂದು ತೋರಿಸುವ ವಾಟರ್‌ಫಾಲ್ ಚಿತ್ರವನ್ನೂ ತೆರೆಯಿರಿ. ತಿದ್ದುಪಡಿ ಸರಿಯಾಗಿದ್ದರೆ 41ರ ಏರು ತಗ್ಗುವುದಷ್ಟೇ ಅಲ್ಲ, ಅದರ ಬಾಲವೂ ಮೊಟಕಾಗಿರುತ್ತದೆ.

ಡಿರಾಕ್

ಡಿರಾಕ್ ಸ್ವೀಡನ್ನಿನ ಉಪ್ಸಲಾದ ಕಂಪನಿ. ಎಕ್ಸ್3800ಎಚ್‌ನಲ್ಲಿ ಇದರ ಲೈಸೆನ್ಸನ್ನು ಡಾಲರ್ ಲೆಕ್ಕದಲ್ಲಿ ಕೊಳ್ಳಬೇಕು, ಅದು ಆ ಒಂದು ಯಂತ್ರಕ್ಕೆ ಕಟ್ಟಿಬೀಳುತ್ತದೆ. ರಿಸೀವರ್ ಮಾರುವ ಯೋಚನೆ ಇರುವವರು ಇದನ್ನು ಗಮನಿಸಿ. ಎರಡು ಬಗೆ: 500 ಹರ್ಟ್ಸ್‌ವರೆಗೆ ಮಾತ್ರ ತಿದ್ದುವ ಲಿಮಿಟೆಡ್, ಪೂರ್ತಿ ವ್ಯಾಪ್ತಿಯ ಫುಲ್. ಮೇಲೆ ಹೇಳಿದ ಕಾರಣಕ್ಕೆ ಲಿಮಿಟೆಡ್ ಸಾಕು. ಫುಲ್ ಬೇಕಾಗುವ ಸಂದರ್ಭ ಒಂದಿದೆ: ಮುಂದಿನ ಎರಡು ಒಂದು ಕಂಪನಿಯದು, ಸೆಂಟರ್ ಇನ್ನೊಂದು, ಹಿಂದಿನವು ಹಳೆಯ ಪುಸ್ತಕಕಪಾಟಿನ ಸ್ಪೀಕರ್ ಎಂಬಂತಿದ್ದರೆ ಐದರ ಬಣ್ಣ ಒಂದಾಗಿಸಲು ಮೇಲಿನ ಭಾಗವನ್ನೂ ತುಸು ತಿದ್ದಬೇಕಾಗುತ್ತದೆ. ಸರೌಂಡ್ ಸಂಗೀತದಲ್ಲಿ ಇದು ಸಣ್ಣ ವಿಷಯವಲ್ಲ, ಸಿನಿಮಾದಲ್ಲಿ ಹಿಂದಿನ ಸ್ಪೀಕರ್‌ಗೆ ಮಳೆ-ಗಾಳಿಯ ಕೆಲಸ, ಇಲ್ಲಿ ಅದಕ್ಕೂ ವಾದ್ಯ ನುಡಿಸುವ ಕೆಲಸ.

ಎರಡು ಸಬ್ ಇದ್ದವರಿಗೆ ನಿಜವಾದ ಮೌಲ್ಯ ಇರುವುದು ಬಾಸ್ ಕಂಟ್ರೋಲ್‌ನಲ್ಲಿ, ಅದಕ್ಕೆ ಪ್ರತ್ಯೇಕ ಲೈಸೆನ್ಸ್. ಸಬ್‌ಗಳನ್ನು ಪರಸ್ಪರ ಮತ್ತು ಮುಖ್ಯ ಸ್ಪೀಕರ್‌ಗಳ ಜೊತೆ ಕ್ರಾಸೋವರ್‌ನಲ್ಲಿ ಹೊಂದಿಸುವ ಕೆಲಸವನ್ನು ಅದೇ ಮಾಡುತ್ತದೆ. ಆಡಿಸಿಯಲ್ಲಿ ಕೈಯಾರೆ ಮಾಡಬೇಕಾದ ಆ 30 ಸೆಂಟಿಮೀಟರ್ ಹೆಜ್ಜೆಗಳೆಲ್ಲ ತಪ್ಪುತ್ತವೆ. ಇದಿಲ್ಲದ ಡಿರಾಕ್, ಆ್ಯಪ್‌ನಿಂದ ಚೆನ್ನಾಗಿ ಹೊಂದಿಸಿದ ಆಡಿಸಿಗಿಂತ ಮುಂದಿದೆ ಎನ್ನಲು ನಮಗೆ ಧೈರ್ಯವಿಲ್ಲ. ಕೊಳ್ಳುವುದಾದರೆ ಬಾಸ್ ಕಂಟ್ರೋಲ್ ಸಮೇತ ಕೊಳ್ಳಿ, ಇಲ್ಲವಾದರೆ ಆ ದುಡ್ಡನ್ನು ಎರಡನೇ ಸಬ್‌ಗೆ ಹಾಕಿ.

ಅಳೆಯುವುದು ಲ್ಯಾಪ್‌ಟಾಪಿನಿಂದ. ಲ್ಯಾಪ್‌ಟಾಪು ಮತ್ತು ರಿಸೀವರ್ ಒಂದೇ ನೆಟ್‌ವರ್ಕ್‌ನಲ್ಲಿರಲಿ. ವೈಫೈ ಕೈಕೊಟ್ಟರೆ ನಡುವೆಯೇ ನಿಲ್ಲುತ್ತದೆ, ಸಾಧ್ಯವಾದರೆ ಲ್ಯಾನ್ ಕೇಬಲ್ ಹಾಕಿ. ಯುಮಿಕ್-1 ಇದ್ದರೆ ಅದನ್ನೇ ಬಳಸಿ. ಒಬ್ಬರ ಕುರ್ಚಿಗೆ 9 ಸ್ಥಾನಗಳ ವಿನ್ಯಾಸ, ಸೋಫಾಕ್ಕೆ 13 ಅಥವಾ 17. ಸಂಗೀತಕ್ಕೆ 9 ಸಾಕು, ಆದರೆ ಒಂಬತ್ತನ್ನೂ ತಲೆಯ ಸುತ್ತ ಒಂದು ಗೇಣಿನೊಳಗೆ ಒತ್ತೊತ್ತಾಗಿ ತೆಗೆದರೆ ಧ್ವನಿ ಒಣಗುತ್ತದೆ. ತಲೆ ಅಲುಗಿಸಿದರೆ ಬದಲಾಗುವ ಸಣ್ಣ ತಗ್ಗುಗಳನ್ನೂ ಅದು ನಿಜವೆಂದು ನಂಬಿ ತಿದ್ದಲು ಹೋಗುತ್ತದೆ. ಪ್ರತಿ ಸ್ಥಾನದಲ್ಲೂ ಕೊನೆಗೆ ಮೊದಲ ಸ್ಪೀಕರ್ ಇನ್ನೊಮ್ಮೆ ಕೂಗುತ್ತದೆ. ತಪ್ಪಾಗಿದೆ ಎಂದುಕೊಂಡು ಎದ್ದು ಓಡಾಡಬೇಡಿ, ಮೈಕಿನ ಗಡಿಯಾರ ಮತ್ತು ರಿಸೀವರ್‌ನ ಗಡಿಯಾರ ಎಷ್ಟು ಸರಿದಿವೆ ಎಂದು ಅದು ನೋಡಿಕೊಳ್ಳುವ ಕ್ರಮ ಅದು. ಫುಲ್ ಲೈಸೆನ್ಸ್ ಇದ್ದರೂ ಗುರಿರೇಖೆಯ ಎರಡು ಬದಿಯಲ್ಲಿ ತಿದ್ದುಪಡಿಯ ಎಲ್ಲೆ ತೋರಿಸುವ ಪರದೆಗಳಲ್ಲಿ ಬಲದ್ದನ್ನು 300ರ ಹತ್ತಿರಕ್ಕೆ ಎಳೆದು ಕೇಳಿ, ಆಮೇಲೆ ಪೂರ್ತಿ ತೆರೆದು ಕೇಳಿ. ಯಕ್ಷಗಾನದ ಒಳ್ಳೆಯ ಧ್ವನಿಮುದ್ರಣ ಇದ್ದರೆ ಇದಕ್ಕೆ ಪರೀಕ್ಷೆ ಸುಲಭ: ಮೇಲಿನ ಭಾಗವನ್ನು ಅತಿಯಾಗಿ ತಿದ್ದಿದ್ದರೆ ಚೆಂಡೆಯ ಪೆಟ್ಟು ಕಿವಿಗೆ ಚುಚ್ಚುತ್ತದೆ, ಜಾಗಟೆಯ ನಾದ ತೆಳ್ಳಗಾಗುತ್ತದೆ.

ಸಂಗೀತ ಹಾಕುವಾಗ

ಎಲ್ಲ ಮುಗಿಸಿ ಪ್ಯೂರ್ ಡೈರೆಕ್ಟ್ (ಧ್ವನಿಯನ್ನು ತಿದ್ದದೆ ಹಾಗೆಯೇ ಕೊಡುವ ಮೋಡ್) ಒತ್ತಿ ಕೇಳುವವರಿದ್ದಾರೆ. ಅಲ್ಲಿ ಆಡಿಸಿ ಕೆಲಸ ಮಾಡುವುದಿಲ್ಲ. ಎಸ್‌ಎಸಿಡಿಯಲ್ಲಿರುವ ಡಿಎಸ್‌ಡಿ ಎಂಬ ಡಿಜಿಟಲ್ ಸಂಕೇತವನ್ನು ಪಿಸಿಎಂ ಎಂಬ ಸಾಮಾನ್ಯ ಡಿಜಿಟಲ್ ರೂಪಕ್ಕೆ ಬದಲಿಸಿದ ಮೇಲೆಯೇ ತಿದ್ದಲು ಸಾಧ್ಯ. ಶುದ್ಧತೆ ಹೋಯಿತೆಂದು ಇದಕ್ಕೆ ಕೊರಗುವ ಅಗತ್ಯವಿಲ್ಲ. 41 ಹರ್ಟ್ಸ್‌ನಲ್ಲಿ ಗುಡುಗುವ ಕೋಣೆ ಮಾಡುವ ಹಾನಿಯ ಮುಂದೆ ಆ ಪರಿವರ್ತನೆಯ ಹಾನಿ ಏನೂ ಅಲ್ಲ.

ಆಡಿಸಿಯ ಡೈನಾಮಿಕ್ ಇಕ್ಯೂ ವಿಷಯದಲ್ಲಿ ಎಚ್ಚರ. ಕಡಿಮೆ ದನಿಯಲ್ಲಿ ಬಾಸ್ ಏರಿಸುವುದು ಸರಿ, ಆದರೆ ಜೊತೆಗೆ ಹಿಂದಿನ ಸ್ಪೀಕರ್‌ಗಳ ದನಿಯನ್ನೂ ಏರಿಸುತ್ತದೆ. ಐದೂ ಕಡೆ ವಾದ್ಯಗಳನ್ನು ಲೆಕ್ಕ ಹಾಕಿ ಕೂರಿಸಿದ ಮಿಶ್ರಣದಲ್ಲಿ ಹಿಂದಿನವರು ಮುಂದೆ ಬಂದು ಕೂತಂತಾಗುತ್ತದೆ. ಆಫ್ ಮಾಡಿ, ಅಥವಾ ರೆಫರೆನ್ಸ್ ಆಫ್‌ಸೆಟ್ 15ಕ್ಕೆ ಹಾಕಿ ಪರಿಣಾಮ ತಗ್ಗಿಸಿ. ಜೋರು-ಮೆಲುವಿನ ಅಂತರ ಕುಗ್ಗಿಸುವ ಡೈನಾಮಿಕ್ ವಾಲ್ಯೂಮ್ ಅಂತೂ ಬೇಡವೇ ಬೇಡ.

ಹಿಂದಿನ ಸ್ಪೀಕರ್‌ಗಳು ನಿಮ್ಮ ಎರಡು ಬದಿಗೆ, ಸ್ವಲ್ಪ ಹಿಂದಕ್ಕೆ, 100ರಿಂದ 120 ಡಿಗ್ರಿಯಲ್ಲಿ ಇರಬೇಕು, ಮುಂದಿನವು 30 ಡಿಗ್ರಿಯಲ್ಲಿ. ಹಿಂಗೋಡೆಯ ಮೂಲೆಯಲ್ಲಿ ಛಾವಣಿಗೆ ಅಂಟಿಸಿದ ಸ್ಪೀಕರನ್ನು ಡಿಲೇ ಮತ್ತು ಇಕ್ಯೂ ಕೊಟ್ಟು ಕಿವಿಯ ಎತ್ತರಕ್ಕೆ ಇಳಿಸಲು ಆಗುವುದಿಲ್ಲ.

ಬೇರೆ ರಿಸೀವರ್ ಇದ್ದವರು ಅದನ್ನು ಬಿಸಾಡಬೇಕಿಲ್ಲ. ರಿಸೀವರ್ ಮತ್ತು ಸಬ್ ನಡುವೆ ಮಿನಿಡಿಎಸ್‌ಪಿ 2x4 ಎಚ್‌ಡಿ ಕೂರಿಸಿ, ರೂಮ್ ಇಕ್ಯೂ ವಿಝರ್ಡ್ ಲೆಕ್ಕ ಹಾಕಿ ಕೊಟ್ಟ ಫಿಲ್ಟರ್‌ಗಳನ್ನು ಅದಕ್ಕೆ ಹಾಕಿದರೆ ಬಾಸ್‌ನ ಮುಕ್ಕಾಲು ಸಮಸ್ಯೆ ತೀರುತ್ತದೆ. ಹೊರಡುವ ಪ್ರತಿ ಚಾನೆಲ್‌ಗೆ 10 ಪ್ಯಾರಾಮೆಟ್ರಿಕ್ ಫಿಲ್ಟರ್ ಸಿಗುತ್ತವೆ, ಐದಾರಕ್ಕಿಂತ ಹೆಚ್ಚು ಬೇಕಾದರೆ ಸಬ್ ತಪ್ಪು ಜಾಗದಲ್ಲಿದೆ. ಏರು ಕಡಿಯುವ ಫಿಲ್ಟರ್ ಮಾತ್ರ ಹಾಕಿ. ಈ ಪೆಟ್ಟಿಗೆಯೂ ಒಂದಿಷ್ಟು ತಡಮಾಡುತ್ತದೆ, ಹಾಗಾಗಿ ಅದನ್ನು ಹಾಕಿದ ಮೇಲೆ ಸಬ್‌ನ ದೂರವನ್ನು ಹೊಸದಾಗಿ ಅಳೆಯಬೇಕು.

ಚಪ್ಪಾಳೆ ತಟ್ಟಿದರೆ ಟರ್‌ರ್ ಎಂದು ಮರಳುವ ಸದ್ದಿಗೆ ಆಡಿಸಿಯಲ್ಲೂ ಡಿರಾಕ್‌ನಲ್ಲೂ ಮದ್ದಿಲ್ಲ. ಎದುರುಬದುರಿನ ಬರಿಗೋಡೆಗಳಲ್ಲಿ ಒಂದಕ್ಕೆ ಏನಾದರೂ ಹಾಕಲೇಬೇಕು. ರಾಕ್‌ವೂಲ್ ಫಲಕ ಹಾಕುವುದಾದರೆ 4 ಇಂಚು ದಪ್ಪ, ಗೋಡೆಯಿಂದ 2 ಇಂಚು ಬಿಟ್ಟು. ಸಂದು ಬಿಟ್ಟರೆ ತಗ್ಗಿನ ಸ್ವರಗಳನ್ನೂ ಹೆಚ್ಚು ಹೀರುತ್ತದೆ, ಹಿಂದೆ ಗಾಳಿಯಾಡಿ ಬೂಸ್ಟು ಹಿಡಿಯುವುದೂ ತಪ್ಪುತ್ತದೆ. ಮಳೆ ಹೊಡೆಯುವ ಪಡುಗೋಡೆಗೆ ಬೇಡ, ಮುರಕಲ್ಲು ಆಗಸ್ಟ್‌ವರೆಗೂ ನೀರು ಕುಡಿಯುತ್ತಲೇ ಇರುತ್ತದೆ. ನೆಲಕ್ಕೆ ದಪ್ಪ ಕಾರ್ಪೆಟ್ ಬದಲು ಒಗೆಯಲು ಬರುವ ಹತ್ತಿಯ ಜಮಖಾನ ಎರಡು ಪದರ.

ಇನ್‌ಸ್ಟಾಲರ್‌ಗಳಿಂದ ಕೆಲಸ ಮಾಡಿಸುವವರು ಒಂದು ವಿಷಯ ಮೊದಲೇ ಮಾತಾಡಿಕೊಳ್ಳಿ. ಫ್ಯಾನ್ ತಿರುಗುತ್ತಿರುವಾಗಲೇ ಮೂರು ಸ್ಥಾನ ಅಳೆದು, ರಿಮೋಟ್‌ನಿಂದ ಮುಗಿಸಿ, ಕ್ಯಾಲಿಬ್ರೇಷನ್ ಆಯಿತು ಎನ್ನುವ ರೂಢಿ ಇದೆ. ಎಂಟು ಸ್ಥಾನ, ನಿಮ್ಮದೇ ಫೋನಿನ ಆ್ಯಪ್‌ನಲ್ಲಿ ಉಳಿಸಿದ ಫೈಲ್, ಸಬ್ ಸೇರಿಸಿ ಅಳೆದ ಒಂದು ಚಿತ್ರ, ಈ ಮೂರನ್ನು ಕೇಳಿ. ರಿಸೀವರನ್ನು ಯಾವತ್ತಾದರೂ ಫ್ಯಾಕ್ಟರಿ ರೀಸೆಟ್ ಮಾಡಬೇಕಾಗಿ ಬಂದರೆ ಫೈಲ್ ಇದ್ದವರಿಗೆ ಹತ್ತು ನಿಮಿಷದ ಕೆಲಸ. ಇನ್ನು ಮಳೆಗಾಲದ ಮೊದಲಿನ ಮತ್ತು ನಂತರದ ಗುಡುಗಿಗೆ ಪ್ಲಗ್ ಮಾತ್ರ ತೆಗೆದರೆ ಸಾಲದು. ಎಚ್‌ಡಿಎಂಐ, ಲ್ಯಾನ್, ಕೇಬಲ್ ಟಿವಿಯ ವೈರು ಮೂರನ್ನೂ ಕಳಚಿ, ಏಕೆಂದರೆ ಸಿಡಿಲಿನ ಏಟು ರಿಸೀವರ್‌ನ ಎಚ್‌ಡಿಎಂಐ ಬೋರ್ಡಿಗೆ ಆ ವೈರುಗಳಿಂದಲೂ ಬರುತ್ತದೆ. ಸಬ್‌ನಲ್ಲಿ ನಿಲ್ಲದ ಗುಂಯ್ ಸದ್ದು ಇರುವವರು ಕೇಬಲ್ ಟಿವಿಯ ವೈರು ಕಳಚಿದಾಗ ಅದು ನಿಂತಿತೇ ಎಂದೂ ನೋಡಿಕೊಳ್ಳಿ, ನಿಂತರೆ ಗ್ರೌಂಡ್ ಲೂಪ್ (ಎರಡು ಅರ್ಥಿಂಗ್‌ಗಳ ನಡುವೆ ಹರಿಯುವ ಕರೆಂಟಿನ ಸದ್ದು) ಆ ದಾರಿಯಿಂದಲೇ ಬಂದಿದೆ.